ಕಾಲೇಜು ವಿದ್ಯಾರ್ಥಿಗಳ ಯಶಸ್ಸಿನಲ್ಲಿ ಸಮಾನತೆ: ಅಮೆರಿಕದಲ್ಲಿ ದತ್ತಾಂಶ ಮತ್ತು ಒಡನಾಟದ ಬಳಕೆ

ಕಾಲೇಜಿಗೆ ಸೇರಿದವರಲ್ಲಿ ಯಾರು ಪದವಿ ಪಡೆದು ಹೊರಬರುತ್ತಾರೆ, ಯಾರು ನಡುವೆಯೇ ಓದು ಬಿಡುತ್ತಾರೆ ಎಂಬುದು ಅವರ ಜನಾಂಗ, ಮನೆಯ ಆದಾಯ, ತಂದೆತಾಯಿಯರ ವಿದ್ಯಾಭ್ಯಾಸ ಇವುಗಳಿಂದ ಮೊದಲೇ ತೀರ್ಮಾನವಾಗಿರಬಾರದು ಎಂಬ ಆಶಯದಿಂದ ಅಮೆರಿಕದ ಸಂಯುಕ್ತ ಸಂಸ್ಥಾನದ ಉನ್ನತ ಶಿಕ್ಷಣದಲ್ಲಿ ಕಳೆದ ಐವತ್ತು ವರ್ಷಗಳಿಂದ ಹಲವು ಪ್ರಯತ್ನಗಳು ನಡೆದಿವೆ. ಪ್ರವೇಶದಲ್ಲಿ ಎಲ್ಲರಿಗೂ ಸಮಾನ ಅವಕಾಶ ಕೊಡುವುದಕ್ಕಷ್ಟೇ ಇವು ಸೀಮಿತವಲ್ಲ. ಒಳಗೆ ಬಂದವರಲ್ಲಿ ಯಾರಿಗೆ ಯಾವ ನೆರವು ಬೇಕೋ ಅದನ್ನು ಒದಗಿಸಿ, ಎಲ್ಲ ಗುಂಪುಗಳವರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಓದು ಮುಗಿಸುವಂತೆ ಮಾಡುವುದು ಇವುಗಳ ಗುರಿ. ಇದಕ್ಕಾಗಿ ಮುಖ್ಯವಾಗಿ ಎರಡು ಸಾಧನಗಳು ಬಳಕೆಯಾಗಿವೆ. ಒಂದು ದತ್ತಾಂಶ, ಅಂದರೆ ಅಂಕ, ಹಾಜರಿ, ಶುಲ್ಕ ಪಾವತಿ, ಕೋರ್ಸುಗಳ ಆಯ್ಕೆ ಮುಂತಾದವುಗಳ ಬಗ್ಗೆ ಕಾಲೇಜಿನ ಕೈಯಲ್ಲಿರುವ ದಾಖಲೆಗಳು; ಇನ್ನೊಂದು ಒಡನಾಟ, ಅಂದರೆ ವಿದ್ಯಾರ್ಥಿಯು ತನ್ನ ಓದಿನೊಡನೆ, ಅಧ್ಯಾಪಕರೊಡನೆ, ಸಹಪಾಠಿಗಳೊಡನೆ ಮತ್ತು ಸಂಸ್ಥೆಯೊಡನೆ ಇಟ್ಟುಕೊಂಡಿರುವ ಸಂಬಂಧ. ತೊಂದರೆ ಎಲ್ಲಿದೆ ಎಂದು ದತ್ತಾಂಶ ತೋರಿಸಿಕೊಡುತ್ತದೆ, ಅದನ್ನು ನೀಗಿಸುವ ಶಕ್ತಿ ಇರುವುದು ಒಡನಾಟಕ್ಕೆ. ಎರಡನೆಯದಿಲ್ಲದೆ ಮೊದಲನೆಯದನ್ನು ಮಾತ್ರ ನೆಚ್ಚಿಕೊಂಡ ಕಡೆಗಳಲ್ಲಿ ಫಲ ಕಡಿಮೆಯಾಗಿದೆ, ಕೆಲವೊಮ್ಮೆ ಹಾನಿಯೂ ಆಗಿದೆ.

ಅಮೆರಿಕದಲ್ಲಿ ಕಾಲೇಜು ಪ್ರವೇಶವನ್ನು ವಿಸ್ತರಿಸಿದ ಕಾನೂನುಗಳು ಹಳೆಯವು. ಯುದ್ಧದಿಂದ ಮರಳಿದ ಸೈನಿಕರಿಗೆ ಶಿಕ್ಷಣದ ವೆಚ್ಚ ಕೊಟ್ಟ 1944ರ ಜಿ.ಐ. ಬಿಲ್, ಕೇಂದ್ರ ಸರ್ಕಾರದ ಸಾಲ ಮತ್ತು ಸಹಾಯಧನಗಳಿಗೆ ತಳಹದಿ ಹಾಕಿದ 1965ರ ಉನ್ನತ ಶಿಕ್ಷಣ ಕಾಯ್ದೆ, ಬಡ ಕುಟುಂಬಗಳ ಮಕ್ಕಳಿಗಾಗಿ 1972ರಲ್ಲಿ ಆರಂಭವಾಗಿ ಮುಂದೆ ಪೆಲ್ ಗ್ರಾಂಟ್ ಎಂದು ಹೆಸರಾದ ಸಹಾಯಧನ ಇವುಗಳಿಂದಾಗಿ ಹಿಂದೆ ಕಾಲೇಜಿನ ಮೆಟ್ಟಿಲು ಹತ್ತದಿದ್ದ ಸಮುದಾಯಗಳವರು ದೊಡ್ಡ ಸಂಖ್ಯೆಯಲ್ಲಿ ದಾಖಲಾದರು. ಆದರೆ ಎಷ್ಟು ಜನ ಸೇರಿದರು ಎಂದು ಎಣಿಸಿದಷ್ಟು ಶ್ರದ್ಧೆಯಿಂದ ಎಷ್ಟು ಜನ ಮುಗಿಸಿದರು ಎಂದು ಬಹುಕಾಲ ಯಾರೂ ಎಣಿಸಲಿಲ್ಲ. ಕಾಲೇಜುಗಳು ತಮ್ಮ ಪದವಿ ಪೂರೈಕೆಯ ಪ್ರಮಾಣವನ್ನು ಬಹಿರಂಗಪಡಿಸಲೇಬೇಕೆಂಬ ಕಾನೂನು ಬಂದದ್ದು 1990ರಲ್ಲಿ. ನಿಗದಿತ ಅವಧಿಯ ಒಂದೂವರೆ ಪಟ್ಟಿನೊಳಗೆ, ಎಂದರೆ ನಾಲ್ಕು ವರ್ಷದ ಪದವಿಯನ್ನು ಆರು ವರ್ಷಗಳೊಳಗೆ ಮುಗಿಸಿದವರ ಶೇಕಡಾವಾರು ಲೆಕ್ಕ ಇದರ ಅಳತೆಗೋಲಾಯಿತು. ಆ ಲೆಕ್ಕ ತೋರಿಸಿದ ಚಿತ್ರ ನೆಮ್ಮದಿಯದಲ್ಲ. 2010ರಲ್ಲಿ ನಾಲ್ಕು ವರ್ಷದ ಕಾಲೇಜುಗಳಿಗೆ ಮೊದಲ ಬಾರಿಗೆ ಪೂರ್ಣಾವಧಿ ವಿದ್ಯಾರ್ಥಿಗಳಾಗಿ ಸೇರಿದವರಲ್ಲಿ ಆರು ವರ್ಷದೊಳಗೆ ಪದವಿ ಪಡೆದವರು ಏಷ್ಯಾ ಮೂಲದವರಲ್ಲಿ ಶೇ. 74, ಬಿಳಿಯರಲ್ಲಿ ಶೇ. 64, ಹಿಸ್ಪಾನಿಕ್ ಮೂಲದವರಲ್ಲಿ ಶೇ. 54, ಕಪ್ಪು ಜನಾಂಗದವರಲ್ಲಿ ಶೇ. 40, ಮೂಲನಿವಾಸಿಗಳಲ್ಲಿ ಶೇ. 39. ಪದವಿ ದೊರೆಯದೆ ಹೊರಬಿದ್ದವರಲ್ಲಿ ಅನೇಕರ ತಲೆಯ ಮೇಲೆ ಶಿಕ್ಷಣ ಸಾಲ ಮಾತ್ರ ಉಳಿಯಿತು ಎಂಬುದನ್ನು ಇದರೊಡನೆ ಸೇರಿಸಿ ನೋಡಬೇಕು.

ಇಂಥ ಅಂತರ ಕಣ್ಣಿಗೆ ಬೀಳುವುದು ಒಟ್ಟು ಸರಾಸರಿಯನ್ನು ಬಿಡಿಸಿ, ಗುಂಪುಗುಂಪಾಗಿ ವಿಂಗಡಿಸಿ ನೋಡಿದಾಗ ಮಾತ್ರ. ಒಂದು ಕಾಲೇಜಿನ ಒಟ್ಟು ಫಲಿತಾಂಶ ಚೆನ್ನಾಗಿದ್ದರೂ ಅದರೊಳಗೆ ಒಂದು ಸಮುದಾಯದವರು ಒಂದೇ ಕೋರ್ಸಿನಲ್ಲಿ ವರ್ಷವರ್ಷವೂ ಸೋಲುತ್ತಿರಬಹುದು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ನಗರ ಶಿಕ್ಷಣ ಕೇಂದ್ರವನ್ನು ಸ್ಥಾಪಿಸಿದ ಎಸ್ಟೆಲಾ ಬೆನ್ಸಿಮೊನ್ ಈ ವಿಂಗಡಣೆಯನ್ನು ಅಧ್ಯಾಪಕರೇ ಕೈಯಾರೆ ಮಾಡಬೇಕೆಂದು ಒತ್ತಾಯಿಸಿದರು. ಅವರ ಕೇಂದ್ರ ರೂಪಿಸಿದ ಸಮಾನತೆಯ ಅಂಕಪಟ್ಟಿ ಎಂಬ ವಿಧಾನದಲ್ಲಿ ಅಧ್ಯಾಪಕರ ಒಂದು ತಂಡವು ತನ್ನದೇ ಕಾಲೇಜಿನ ಅಂಕಿಅಂಶಗಳನ್ನು ಜನಾಂಗವಾರು ಬಿಡಿಸಿ, ಅಂತರ ಕಂಡಲ್ಲಿ ವಿದ್ಯಾರ್ಥಿಗಳ ಕೊರತೆಯನ್ನು ಹುಡುಕದೆ ತಮ್ಮ ಪಾಠಕ್ರಮ, ನಿಯಮ ಮತ್ತು ರೂಢಿಗಳಲ್ಲಿನ ದೋಷವನ್ನು ಹುಡುಕುತ್ತದೆ. ವಿದ್ಯಾರ್ಥಿಗೆ ಏನು ಕೊರತೆ ಎಂದು ಕೇಳುವುದನ್ನು ಬಿಟ್ಟು ಸಂಸ್ಥೆಯಲ್ಲಿ ಏನು ಕೊರತೆ ಎಂದು ಕೇಳಿದ್ದೇ ಈ ಕ್ಷೇತ್ರದ ಅತಿ ಮುಖ್ಯ ತಿರುವು ಎನ್ನಬಹುದು.

ಒಡನಾಟದ ಕಡೆಯ ಚಿಂತನೆ ಇದಕ್ಕಿಂತ ಹಿಂದಿನದು. ವಿನ್ಸೆಂಟ್ ಟಿಂಟೊ 1975ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ವಿದ್ಯಾರ್ಥಿಯು ಕಾಲೇಜಿನ ಓದಿನ ಬದುಕಿನಲ್ಲೂ ಸಾಮಾಜಿಕ ಬದುಕಿನಲ್ಲೂ ಬೆರೆತಷ್ಟು ಅಲ್ಲಿ ಉಳಿಯುವ ಸಂಭವ ಹೆಚ್ಚು. ಅಲೆಗ್ಸಾಂಡರ್ ಆಸ್ಟಿನ್ 1984ರಲ್ಲಿ ವಿದ್ಯಾರ್ಥಿಯು ಓದಿಗೆ ಕೊಡುವ ಸಮಯ ಮತ್ತು ಶ್ರಮವನ್ನೇ ಕಲಿಕೆಯ ಅಳತೆಯಾಗಿ ಎತ್ತಿಹಿಡಿದರು. ಜಾರ್ಜ್ ಕೂ ಅವರ ನೇತೃತ್ವದಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ 2000ದಲ್ಲಿ ಆರಂಭವಾದ ರಾಷ್ಟ್ರೀಯ ಸಮೀಕ್ಷೆಯು ವಿದ್ಯಾರ್ಥಿಗಳು ಅಧ್ಯಾಪಕರೊಡನೆ ಎಷ್ಟು ಮಾತಾಡುತ್ತಾರೆ, ಎಷ್ಟು ಬರೆಯುತ್ತಾರೆ, ಗುಂಪಿನಲ್ಲಿ ಎಷ್ಟು ಕೆಲಸ ಮಾಡುತ್ತಾರೆ ಎಂಬುದನ್ನೂ ಅಳೆಯತಕ್ಕ ವಿಷಯವನ್ನಾಗಿ ಮಾಡಿತು. ಬೆರೆಯುವ ಹೊಣೆಯನ್ನೆಲ್ಲ ವಿದ್ಯಾರ್ಥಿಯ ಮೇಲೆ ಹೊರಿಸುವುದು ಸರಿಯಲ್ಲ ಎಂಬ ತಿದ್ದುಪಡಿ ಲಾರಾ ರೆಂಡೋನ್ ಅವರಿಂದ 1994ರಲ್ಲಿ ಬಂತು. ಮನೆತನದಲ್ಲೇ ಮೊದಲಿಗರಾಗಿ ಕಾಲೇಜಿಗೆ ಬಂದವರಿಗೆ ತಾವು ಇಲ್ಲಿಗೆ ತಕ್ಕವರೇ ಎಂಬ ಅಳುಕು ಇರುತ್ತದೆ, ಅದನ್ನು ನೀಗಿಸಲು ಸಂಸ್ಥೆಯವರೇ ಮೊದಲು ಕೈಚಾಚಬೇಕು ಎಂಬುದು ಅವರ ವಾದ.

ದತ್ತಾಂಶವೆಂದರೆ ಕಂಪ್ಯೂಟರಿನಲ್ಲಿರುವ ಅಂಕಿಗಳಷ್ಟೇ ಅಲ್ಲ, ಹತ್ತಿರದಿಂದ ನೋಡಿ ಬರೆದುಕೊಂಡದ್ದೂ ದತ್ತಾಂಶವೇ ಎಂಬುದಕ್ಕೆ ಯೂರಿ ಟ್ರೈಸ್‌ಮನ್ ಅವರ ಕೆಲಸ ಉತ್ತಮ ನಿದರ್ಶನ. 1970ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ಕಲನಶಾಸ್ತ್ರದಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳು ದೊಡ್ಡ ಪ್ರಮಾಣದಲ್ಲಿ ಅನುತ್ತೀರ್ಣರಾಗುತ್ತಿದ್ದರು. ಕಾರಣವೇನೆಂದು ಅಧ್ಯಾಪಕರನ್ನು ಕೇಳಿದಾಗ ಓದುವ ಹಂಬಲ ಕಡಿಮೆ, ಶಾಲೆಯ ತಯಾರಿ ಸಾಲದು, ಮನೆಯಲ್ಲಿ ಪ್ರೋತ್ಸಾಹವಿಲ್ಲ, ಬಡತನ ಎಂಬ ಉತ್ತರಗಳು ಬಂದವು. ಟ್ರೈಸ್‌ಮನ್ ಆ ಉತ್ತರಗಳನ್ನು ನಂಬಿ ಕೂರದೆ ಇಪ್ಪತ್ತು ಮಂದಿ ಕಪ್ಪು ವಿದ್ಯಾರ್ಥಿಗಳನ್ನೂ ಇಪ್ಪತ್ತು ಮಂದಿ ಚೀನೀ ಮೂಲದ ವಿದ್ಯಾರ್ಥಿಗಳನ್ನೂ ಅವರು ಓದುವ ಜಾಗಗಳಿಗೇ ಹೋಗಿ ತಿಂಗಳುಗಟ್ಟಲೆ ಗಮನಿಸಿದರು. ನಾಲ್ಕು ಕಾರಣಗಳಲ್ಲಿ ಒಂದೂ ನಿಲ್ಲಲಿಲ್ಲ. ಕಪ್ಪು ವಿದ್ಯಾರ್ಥಿಗಳ ಮನೆಯವರು ಮಕ್ಕಳ ಓದಿಗಾಗಿ ಬಹಳ ತ್ಯಾಗ ಮಾಡಿದವರಾಗಿದ್ದರು. ಅಧ್ಯಾಪಕರು ಹೇಳಿದಂತೆಯೇ ಆ ವಿದ್ಯಾರ್ಥಿಗಳು ವಾರಕ್ಕೆ ಎಂಟು ಗಂಟೆ ಕೂತು ಲೆಕ್ಕ ಮಾಡುತ್ತಿದ್ದರು, ಆದರೆ ಒಬ್ಬೊಬ್ಬರೇ ಕೂತು ಮಾಡುತ್ತಿದ್ದರು. ಚೀನೀ ಮೂಲದವರು ಒಬ್ಬರೇ ಓದಿದ ಮೇಲೆ ಸಂಜೆ ಒಟ್ಟಿಗೆ ಸೇರಿ, ಊಟ ಮಾಡುತ್ತಲೇ ಪರಸ್ಪರರ ಉತ್ತರ ತಾಳೆ ನೋಡಿ, ತಪ್ಪಿದ್ದನ್ನು ತಿದ್ದಿಕೊಂಡು, ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುತ್ತಿದ್ದರು. ಒಂಟಿಯಾಗಿ ಓದಿದವನಿಗೆ ತನಗೆ ಯಾವುದು ಅರ್ಥವಾಗಿಲ್ಲ ಎಂಬುದೇ ಪರೀಕ್ಷೆಯವರೆಗೆ ಗೊತ್ತಾಗುತ್ತಿರಲಿಲ್ಲ.

ಈ ಅವಲೋಕನದಿಂದ 1978ರಲ್ಲಿ ಹುಟ್ಟಿದ ಗಣಿತ ಕಾರ್ಯಾಗಾರಗಳಲ್ಲಿ ಹಿಂದುಳಿದವರಿಗೆ ಸುಲಭ ಪಾಠ ಹೇಳುವ ಪದ್ಧತಿಯನ್ನು ಬಿಟ್ಟು, ತರಗತಿಯದಕ್ಕಿಂತ ಕಠಿಣವಾದ ಸಮಸ್ಯೆಗಳನ್ನು ಕೊಟ್ಟು ಗುಂಪಿನಲ್ಲಿ ಚರ್ಚಿಸಿ ಬಿಡಿಸುವಂತೆ ಮಾಡಲಾಯಿತು. ಅದರಲ್ಲಿ ಭಾಗವಹಿಸಿದ ಕಪ್ಪು ವಿದ್ಯಾರ್ಥಿಗಳ ಫಲಿತಾಂಶ ಗಮನಾರ್ಹವಾಗಿ ಮೇಲೇರಿತು, ಮತ್ತು ಈ ಮಾದರಿ ಮುಂದೆ ಅನೇಕ ವಿಶ್ವವಿದ್ಯಾಲಯಗಳಿಗೆ ಹರಡಿತು. ಅನುಕಂಪದಿಂದ ಮಟ್ಟ ಇಳಿಸಿದಾಗ ಸಿಗದ ಫಲ ನಂಬಿಕೆಯಿಟ್ಟು ಮಟ್ಟ ಏರಿಸಿದಾಗ ಸಿಕ್ಕಿತೆಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ದತ್ತಾಂಶ ಮತ್ತು ಒಡನಾಟ ಎರಡೂ ದೊಡ್ಡ ಪ್ರಮಾಣದಲ್ಲಿ ಕೂಡಿಬಂದ ಪ್ರಸಿದ್ಧ ಉದಾಹರಣೆ ಅಟ್ಲಾಂಟಾ ನಗರದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ. 1913ರಲ್ಲಿ ವಾಣಿಜ್ಯದ ಸಂಜೆ ಶಾಲೆಯಾಗಿ ಆರಂಭವಾದ ಈ ಸಂಸ್ಥೆ 1960ರ ದಶಕದ ಆರಂಭದವರೆಗೂ ಕಪ್ಪು ಜನಾಂಗದವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಮುಂದೆ ಅದೇ ಸಂಸ್ಥೆಯ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಪೆಲ್ ಗ್ರಾಂಟ್ ಪಡೆಯುವ ಬಡ ಕುಟುಂಬಗಳವರಾದರು. 2003ರಲ್ಲಿ ಅಲ್ಲಿ ಆರು ವರ್ಷದೊಳಗೆ ಪದವಿ ಮುಗಿಸುತ್ತಿದ್ದವರು ಶೇ. 32 ಮಾತ್ರ, ಕಪ್ಪು ಜನಾಂಗದವರಲ್ಲಿ ಇದು ಶೇ. 29, ಹಿಸ್ಪಾನಿಕ್ ಮೂಲದವರಲ್ಲಿ ಶೇ. 22. ಹತ್ತು ವರ್ಷಗಳ ನಂತರ ಒಟ್ಟು ಪ್ರಮಾಣ ಶೇ. 50 ದಾಟಿತು, ಮತ್ತು ಕಪ್ಪು, ಹಿಸ್ಪಾನಿಕ್ ಹಾಗೂ ಬಡ ವಿದ್ಯಾರ್ಥಿಗಳು ಒಟ್ಟು ಸರಾಸರಿಗೆ ಸಮನಾಗಿ ಅಥವಾ ಅದಕ್ಕೂ ಮೇಲಾಗಿ ಪದವಿ ಪಡೆಯತೊಡಗಿದರು. 2009ರಲ್ಲಿ ಅಧ್ಯಕ್ಷರಾದ ಮಾರ್ಕ್ ಬೆಕರ್ ಮತ್ತು ವಿದ್ಯಾರ್ಥಿ ಯಶಸ್ಸಿನ ಹೊಣೆ ಹೊತ್ತ ತಿಮೊತಿ ರೆನಿಕ್ ಈ ಬದಲಾವಣೆಯ ಮುಂದಾಳುಗಳು. ಇವರಲ್ಲಿ ರೆನಿಕ್ ಧರ್ಮಗಳ ಅಧ್ಯಯನದ ಪ್ರಾಧ್ಯಾಪಕರಾಗಿದ್ದವರು.

ಅಮೆರಿಕದ ಪದವಿ ವ್ಯವಸ್ಥೆಯ ಒಂದು ಲಕ್ಷಣವನ್ನು ತಿಳಿಯದೆ ಈ ಸಾಧನೆ ಅರ್ಥವಾಗದು. ಕರ್ನಾಟಕದ ಪದವಿ ಕಾಲೇಜುಗಳಲ್ಲಿ ಸೇರುವಾಗಲೇ ವಿಷಯಗಳ ಜೋಡಣೆ ಬಹುಮಟ್ಟಿಗೆ ನಿಶ್ಚಯವಾಗಿರುತ್ತದೆ. ಅಮೆರಿಕದಲ್ಲಾದರೋ ವಿದ್ಯಾರ್ಥಿಯೇ ಪ್ರತಿ ಸೆಮಿಸ್ಟರಿನಲ್ಲೂ ನೂರಾರು ಕೋರ್ಸುಗಳ ನಡುವೆ ಆರಿಸಿಕೊಂಡು, ಸುಮಾರು 120 ಕ್ರೆಡಿಟ್ ಕೂಡಿಸಿ, ತನ್ನ ಪ್ರಧಾನ ವಿಷಯಕ್ಕೆ ಬೇಕಾದವನ್ನೆಲ್ಲ ಸರಿಯಾದ ಕ್ರಮದಲ್ಲಿ ಮುಗಿಸಬೇಕು. ಓದಿದ ತಂದೆತಾಯಿಯರಿರುವ ಮನೆಯ ಮಕ್ಕಳಿಗೆ ಈ ದಾರಿಯನ್ನು ಮನೆಯವರೇ ತೋರಿಸುತ್ತಾರೆ. ಉಳಿದವರು ಬೇಡದ ಕೋರ್ಸು ತೆಗೆದುಕೊಂಡು ಸಹಾಯಧನವನ್ನೂ ವರ್ಷವನ್ನೂ ಕಳೆದುಕೊಳ್ಳುತ್ತಾರೆ. ಜಾರ್ಜಿಯಾ ಸ್ಟೇಟ್ 2012ರಲ್ಲಿ ಜಾರಿಗೆ ತಂದ ಸಲಹಾ ವ್ಯವಸ್ಥೆಯು ಹಿಂದಿನ ಹತ್ತು ವರ್ಷಗಳ ಸುಮಾರು 25 ಲಕ್ಷ ಅಂಕದಾಖಲೆಗಳನ್ನು ಜಾಲಾಡಿ, ಯಾವ ಸಣ್ಣ ತಪ್ಪುಹೆಜ್ಜೆಯ ನಂತರ ವಿದ್ಯಾರ್ಥಿಗಳು ಹೆಚ್ಚಾಗಿ ಓದು ಬಿಟ್ಟಿದ್ದಾರೆ ಎಂದು ಹುಡುಕಿತು. ಹೀಗೆ ಸಿಕ್ಕ 800ಕ್ಕೂ ಹೆಚ್ಚು ಅಪಾಯ ಸೂಚನೆಗಳಿಗಾಗಿ ಪ್ರತಿಯೊಬ್ಬ ವಿದ್ಯಾರ್ಥಿಯ ದಾಖಲೆಯನ್ನೂ ದಿನವೂ ಪರೀಕ್ಷಿಸುವ ಏರ್ಪಾಡಾಯಿತು. ರಾಜ್ಯಶಾಸ್ತ್ರವನ್ನು ಪ್ರಧಾನ ವಿಷಯವಾಗಿ ತೆಗೆದುಕೊಂಡವರಲ್ಲಿ ಅದರ ಮೊದಲ ಕೋರ್ಸಿನಲ್ಲಿ ಎ ಶ್ರೇಣಿ ಪಡೆದವರು ಮುಕ್ಕಾಲುಪಾಲು ಪದವಿ ಮುಗಿಸುತ್ತಿದ್ದರೆ, ಸಿ ಶ್ರೇಣಿ ಪಡೆದವರಲ್ಲಿ ಕಾಲುಭಾಗದಷ್ಟು ಮಂದಿ ಮಾತ್ರ ಮುಗಿಸುತ್ತಿದ್ದರು. ಸಿ ಎಂದರೆ ಉತ್ತೀರ್ಣವೇ ಆದ್ದರಿಂದ ಅದುವರೆಗೆ ಯಾರೂ ಆ ವಿದ್ಯಾರ್ಥಿಯನ್ನು ಕರೆದು ಮಾತಾಡಿಸುತ್ತಿರಲಿಲ್ಲ. ನರ್ಸಿಂಗ್ ಓದಬಯಸಿದವರ ಮುಂದಿನ ಗತಿಯನ್ನು ಮೊದಲ ನರ್ಸಿಂಗ್ ಕೋರ್ಸಿಗಿಂತ ಪ್ರಾರಂಭಿಕ ಗಣಿತದ ಅಂಕಗಳೇ ಚೆನ್ನಾಗಿ ಸೂಚಿಸುತ್ತಿದ್ದವೆಂಬುದೂ ಹೀಗೆಯೇ ಬೆಳಕಿಗೆ ಬಂತು.

ತಂತ್ರಾಂಶದ ಬಗ್ಗೆ ಬರೆದವರು ಹಲವೊಮ್ಮೆ ಮರೆಯುವ ಸಂಗತಿಯೆಂದರೆ, ಈ ಸೂಚನೆಗಳನ್ನು ಕಂಡ ಕೂಡಲೇ ವಿದ್ಯಾರ್ಥಿಯನ್ನು ಸಂಪರ್ಕಿಸಲು ವಿಶ್ವವಿದ್ಯಾಲಯವು 42 ಮಂದಿ ವ್ಯಾಸಂಗ ಸಲಹೆಗಾರರನ್ನು ಹೊಸದಾಗಿ ನೇಮಿಸಿಕೊಂಡಿತು. ಒಬ್ಬ ಸಲಹೆಗಾರನ ಪಾಲಿಗೆ ಹಿಂದೆ ಇದ್ದ ಸುಮಾರು 700 ವಿದ್ಯಾರ್ಥಿಗಳ ಸಂಖ್ಯೆ 300ರ ಆಸುಪಾಸಿಗೆ ಇಳಿಯಿತು. ವರ್ಷಕ್ಕೆ ಹತ್ತಾರು ಸಾವಿರ ಮುಖಾಮುಖಿ ಭೇಟಿಗಳು ನಡೆಯತೊಡಗಿದವು. ಈ ಖರ್ಚು ನಷ್ಟವಾಗಲಿಲ್ಲ. ವಿದ್ಯಾರ್ಥಿಗಳು ಉಳಿಯುವ ಪ್ರಮಾಣದಲ್ಲಿ ಶೇ. 1ರಷ್ಟು ಏರಿಕೆಯಾದರೂ ಶುಲ್ಕದ ರೂಪದಲ್ಲಿ 30 ಲಕ್ಷ ಡಾಲರಿಗೂ ಹೆಚ್ಚು ವರಮಾನ ಉಳಿಯುತ್ತದೆಂದು ಸಂಸ್ಥೆ ಲೆಕ್ಕ ಹಾಕಿದೆ.

ಶುಲ್ಕದ ದಾಖಲೆಗಳನ್ನು ಹೀಗೆಯೇ ತೆರೆದು ನೋಡಿದಾಗ ಇನ್ನೊಂದು ಸತ್ಯ ಹೊರಬಿತ್ತು. ಪ್ರತಿ ಸೆಮಿಸ್ಟರಿನಲ್ಲೂ ಶುಲ್ಕ ಕಟ್ಟಲು ಆಗದೆ ಸುಮಾರು ಸಾವಿರ ವಿದ್ಯಾರ್ಥಿಗಳ ಹೆಸರನ್ನು ತರಗತಿಗಳಿಂದ ತೆಗೆದುಹಾಕಲಾಗುತ್ತಿತ್ತು, ಮತ್ತು ಅವರಲ್ಲಿ ಅನೇಕರು ಒಳ್ಳೆಯ ಅಂಕ ಪಡೆದು ಕೊನೆಯ ವರ್ಷದಲ್ಲಿದ್ದವರು, ಬಾಕಿ ಇದ್ದದ್ದು ಕೆಲವು ನೂರು ಡಾಲರು ಮಾತ್ರ. 2011ರಲ್ಲಿ ಆರಂಭವಾದ ಪ್ಯಾಂಥರ್ ಉಳಿಕೆ ಅನುದಾನದಲ್ಲಿ ವಿದ್ಯಾರ್ಥಿ ಅರ್ಜಿ ಹಾಕಿಕೊಳ್ಳಬೇಕಿಲ್ಲ. ಅರ್ಹರನ್ನು ಸಂಸ್ಥೆಯೇ ದಾಖಲೆಯಿಂದ ಗುರುತಿಸಿ, ಸರಾಸರಿ 900 ಡಾಲರಿನಷ್ಟು ಮೊತ್ತವನ್ನು ನೇರವಾಗಿ ಅವರ ಖಾತೆಗೆ ಹಾಕಿ ತಿಳಿಸುತ್ತದೆ. ನೆರವನ್ನು ಹೇಗೆ ಕೇಳಬೇಕೆಂದು ತಿಳಿದವರಿಗಷ್ಟೇ ನೆರವು ಸಿಗುವ ಹಳೆಯ ಅನ್ಯಾಯ ಇದರಿಂದ ತಪ್ಪಿತು. ಅಂಕ ಕುಸಿದು ರಾಜ್ಯದ ಹೋಪ್ ವಿದ್ಯಾರ್ಥಿವೇತನ ಕಳೆದುಕೊಂಡವರಿಗೆ ಸೆಮಿಸ್ಟರಿಗೆ 500 ಡಾಲರ್ ಕೊಟ್ಟು, ಸಲಹೆಗಾರರ ಜೊತೆ ಕೂತು ಅಂಕಗಳನ್ನು ಮತ್ತೆ ಮೇಲೆತ್ತಿಕೊಳ್ಳಲು ನೆರವಾಗುವ ಯೋಜನೆಯೂ ಇದೇ ಬಗೆಯದು. ಪ್ರಾರಂಭಿಕ ಗಣಿತದ ಉಪನ್ಯಾಸಗಳನ್ನು ಕಡಿಮೆ ಮಾಡಿ, ವಾರದ ಹೆಚ್ಚಿನ ಗಂಟೆಗಳನ್ನು ಬೋಧಕರ ಸಮ್ಮುಖದಲ್ಲಿ ಕಂಪ್ಯೂಟರ್ ಪ್ರಯೋಗಾಲಯದ ಅಭ್ಯಾಸಕ್ಕೆ ಮೀಸಲಿಟ್ಟದ್ದರಿಂದ ಶೇ. 43ರಷ್ಟಿದ್ದ ಅನುತ್ತೀರ್ಣರ ಮತ್ತು ಕೋರ್ಸು ಕೈಬಿಡುವವರ ಪ್ರಮಾಣ ಅದರ ಅರ್ಧದ ಸಮೀಪಕ್ಕೆ ಇಳಿಯಿತು. ಸೀಟು ಸಿಕ್ಕಿಯೂ ಬೇಸಿಗೆಯ ರಜೆಯಲ್ಲಿ ಅರ್ಜಿ ನಮೂನೆಗಳ ಗೊಂದಲದಿಂದ ಕಾಲೇಜಿಗೇ ಬಾರದೆ ಉಳಿಯುವವರಿಗಾಗಿ 2016ರಲ್ಲಿ ಪೌನ್ಸ್ ಎಂಬ ಸಂದೇಶ ಯಂತ್ರ ಬಂತು. ಹಗಲುರಾತ್ರಿ ಯಾವ ಹೊತ್ತಿನಲ್ಲಾದರೂ ಮೊಬೈಲಿನಲ್ಲಿ ಕೇಳಿದ ಪ್ರಶ್ನೆಗೆ ಅದು ಉತ್ತರ ಕೊಡುತ್ತಿತ್ತು, ತನಗೆ ತಿಳಿಯದ್ದನ್ನು ಸಿಬ್ಬಂದಿಗೆ ಒಪ್ಪಿಸುತ್ತಿತ್ತು. ಲಿಂಡ್ಸೆ ಪೇಜ್ ಮತ್ತು ಹಂಟರ್ ಗೆಲ್‌ಬಾಕ್ ನಡೆಸಿದ ಪ್ರಯೋಗದಲ್ಲಿ ಹೀಗೆ ತಪ್ಪಿಹೋಗುವವರ ಪ್ರಮಾಣ ಶೇ. 21ರಷ್ಟು ತಗ್ಗಿದ್ದು ಕಂಡುಬಂತು.

ಎರಡು ವರ್ಷದ ಓದು ಕೊಡುವ, ಶುಲ್ಕ ಕಡಿಮೆಯಿರುವ ಕಮ್ಯುನಿಟಿ ಕಾಲೇಜುಗಳಲ್ಲಿ ಅಂತರ ಇನ್ನೂ ಆಳವಾದದ್ದು. ಅಲ್ಲಿ ಅತ್ಯಂತ ಗಟ್ಟಿಯಾದ ಪುರಾವೆ ಇರುವುದು ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯವು 2007ರಲ್ಲಿ ಆರಂಭಿಸಿದ, ಎಸ್ಯಾಪ್ ಎಂದು ಕರೆಯಲ್ಪಡುವ ಯೋಜನೆಗೆ. ಇದರಲ್ಲಿ ವಿದ್ಯಾರ್ಥಿ ಪೂರ್ಣಾವಧಿ ಓದಬೇಕು ಮತ್ತು ಸಲಹೆಗಾರನನ್ನು ಆಗಾಗ ಭೇಟಿ ಮಾಡಬೇಕು. ಪ್ರತಿಯಾಗಿ ಸಹಾಯಧನ ಸಾಲದೆ ಉಳಿದ ಶುಲ್ಕ, ಪಠ್ಯಪುಸ್ತಕ, ನಗರದ ಬಸ್ಸು ಮತ್ತು ಮೆಟ್ರೋ ಪಾಸ್ ಎಲ್ಲವನ್ನೂ ಯೋಜನೆ ಭರಿಸುತ್ತದೆ. ಎಂ.ಡಿ.ಆರ್.ಸಿ. ಎಂಬ ಸಂಶೋಧನಾ ಸಂಸ್ಥೆಯು ಚೀಟಿ ಎತ್ತಿದಂತೆ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದಾಗ ಮೂರು ವರ್ಷದೊಳಗೆ ಓದು ಮುಗಿಸಿದವರು ಯೋಜನೆಯಲ್ಲಿದ್ದವರಲ್ಲಿ ಶೇ. 40, ಇಲ್ಲದವರಲ್ಲಿ ಶೇ. 22. ಒಹಾಯೊ ರಾಜ್ಯದ ಮೂರು ಕಾಲೇಜುಗಳಲ್ಲಿ ಇದನ್ನೇ ಅನುಸರಿಸಿದಾಗ ಶೇ. 35 ಮತ್ತು ಶೇ. 19ರ ಅಂತರ ಬಂತು. ತಲಾ ವೆಚ್ಚ ಹೆಚ್ಚಾದರೂ ಪದವೀಧರರ ಸಂಖ್ಯೆಯಿಂದ ಭಾಗಿಸಿ ನೋಡಿದರೆ ನ್ಯೂಯಾರ್ಕಿನಲ್ಲಿ ಒಬ್ಬ ಪದವೀಧರನಿಗೆ ತಗಲಿದ ಖರ್ಚು ಕಡಿಮೆಯೇ ಆಯಿತು.

ಇದಕ್ಕೆ ಹೋಲಿಸಿದರೆ ಅಂಕಿಅಂಶಗಳನ್ನೇ ಮುಂದಿಟ್ಟುಕೊಂಡ ಯೋಜನೆಗಳ ಫಲ ಸಾಧಾರಣ. 2004ರಲ್ಲಿ ಆರಂಭವಾದ ಅಚೀವಿಂಗ್ ದ ಡ್ರೀಮ್ ಚಳುವಳಿಯು ಕಮ್ಯುನಿಟಿ ಕಾಲೇಜುಗಳಿಗೆ ದತ್ತಾಂಶ ಓದುವ ರೂಢಿ ಕಲಿಸಿತು; ಮೊದಲ ಸುತ್ತಿನ 26 ಕಾಲೇಜುಗಳ ಬಗ್ಗೆ 2011ರಲ್ಲಿ ಬಂದ ಮೌಲ್ಯಮಾಪನದ ಪ್ರಕಾರ ಅಲ್ಲಿ ಆ ರೂಢಿ ಬೆಳೆಯಿತು, ಆದರೆ ಒಟ್ಟು ಫಲಿತಾಂಶಗಳು ಬಹುಮಟ್ಟಿಗೆ ಇದ್ದಲ್ಲೇ ಇದ್ದವು. ಸುಧಾರಣೆಗಳು ಪ್ರತಿ ಕಾಲೇಜಿನಲ್ಲೂ ಕೆಲವೇ ವಿದ್ಯಾರ್ಥಿಗಳನ್ನು ಮುಟ್ಟಿದ್ದು ಇದಕ್ಕೆ ಒಂದು ಕಾರಣ. 2014ರಲ್ಲಿ 11 ಸಾರ್ವಜನಿಕ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿದ ಯೂನಿವರ್ಸಿಟಿ ಇನ್ನೋವೇಷನ್ ಅಲೈಯನ್ಸ್ ಸುಮಾರು 10,000 ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲೂ ದತ್ತಾಂಶ ಆಧಾರಿತ ಸಲಹೆಯ ಪರಿಣಾಮ ಜಾರ್ಜಿಯಾ ಸ್ಟೇಟ್‌ನಲ್ಲಿ ಸ್ಪಷ್ಟವಾಗಿ ಕಂಡಿತೇ ಹೊರತು ಎಲ್ಲ ಸಂಸ್ಥೆಗಳನ್ನು ಒಟ್ಟಿಗೆ ತೆಗೆದುಕೊಂಡಾಗ ಕಾಣಲಿಲ್ಲ.

ದತ್ತಾಂಶದ ದುರುಪಯೋಗದ ಭಯ ನಿರಾಧಾರವಲ್ಲ. ಹಿಂದಿನವರ ದಾಖಲೆಯಿಂದ ಮುಂದಿನವರ ಭವಿಷ್ಯ ಊಹಿಸುವ ಲೆಕ್ಕಾಚಾರವು ಹಿಂದಿನ ಅನ್ಯಾಯವನ್ನೂ ಕಲಿತುಕೊಳ್ಳುತ್ತದೆ. ಕೆಲವು ದೊಡ್ಡ ವಿಶ್ವವಿದ್ಯಾಲಯಗಳು ಬಳಸುತ್ತಿದ್ದ ತಂತ್ರಾಂಶದಲ್ಲಿ ವಿದ್ಯಾರ್ಥಿಯ ಜನಾಂಗವೂ ಅಪಾಯದ ಅಂಶವಾಗಿ ಸೇರಿತ್ತೆಂದು ದಿ ಮಾರ್ಕಪ್ ಎಂಬ ಸುದ್ದಿಸಂಸ್ಥೆ 2021ರಲ್ಲಿ ಬಯಲಿಗೆಳೆಯಿತು. ಎ.ಇ.ಆರ್.ಎ. ಓಪನ್ ಪತ್ರಿಕೆಯಲ್ಲಿ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮುಂದೆ ಪದವಿ ಪಡೆದೇ ತೀರಿದವರನ್ನು ಸೋಲುವವರೆಂದು ತಪ್ಪಾಗಿ ಊಹಿಸುವುದು ಹಿಸ್ಪಾನಿಕ್ ಮೂಲದವರ ವಿಷಯದಲ್ಲಿ ಶೇ. 21, ಕಪ್ಪು ಜನಾಂಗದವರ ವಿಷಯದಲ್ಲಿ ಶೇ. 19, ಬಿಳಿಯರಲ್ಲಿ ಶೇ. 12, ಏಷ್ಯಾ ಮೂಲದವರಲ್ಲಿ ಶೇ. 6. ಇಂಥ ಸೂಚನೆಯನ್ನು ಕಂಡ ಸಲಹೆಗಾರನು ಕಷ್ಟದ ವಿಷಯ ನಿನಗೆ ಬೇಡ ಎಂದು ವಿದ್ಯಾರ್ಥಿಯನ್ನು ಹಿಂದಕ್ಕೆ ಕಳಿಸಬಹುದು, ಅಥವಾ ಇನ್ನಷ್ಟು ಬೋಧನೆ ಒದಗಿಸಿ ಮುಂದಕ್ಕೆ ಕಳಿಸಬಹುದು. ಅಂಕಿ ಒಂದೇ ಆದರೂ ಪರಿಣಾಮ ತದ್ವಿರುದ್ಧ. 2016ರಲ್ಲಿ ಮೇರಿಲ್ಯಾಂಡ್ ರಾಜ್ಯದ ಮೌಂಟ್ ಸೇಂಟ್ ಮೇರೀಸ್ ವಿಶ್ವವಿದ್ಯಾಲಯದಲ್ಲಿ, ಹೊಸ ವಿದ್ಯಾರ್ಥಿಗಳ ಸಮೀಕ್ಷೆಯ ನೆರವಿನಿಂದ ಸೋಲುವಂತೆ ಕಾಣುವವರನ್ನು ಗುರುತಿಸಿ, ಸರ್ಕಾರಿ ಲೆಕ್ಕಕ್ಕೆ ಹೆಸರು ಹೋಗುವ ಮೊದಲೇ ಅವರನ್ನು ಹೊರಗೆ ಕಳಿಸುವ ಯೋಚನೆ ನಡೆದಿತ್ತೆಂದು ವಿದ್ಯಾರ್ಥಿ ಪತ್ರಿಕೆ ವರದಿ ಮಾಡಿತು. ಆ ಗದ್ದಲದಲ್ಲಿ ಅಧ್ಯಕ್ಷರು ರಾಜೀನಾಮೆ ಕೊಡಬೇಕಾಯಿತು. ವಿದ್ಯಾರ್ಥಿ ದಾಖಲೆಗಳ ಗೋಪ್ಯತೆಯನ್ನು ಕಾಯುವ 1974ರ ಕಾನೂನು ದಾಖಲೆಗಳು ಹೊರಗಿನವರ ಕೈಸೇರದಂತೆ ತಡೆಯುತ್ತದೆ. ಒಳಗಿನವರು ಅವನ್ನು ವಿದ್ಯಾರ್ಥಿಯ ಹಿತಕ್ಕೇ ಬಳಸುತ್ತಾರೆಂಬ ಖಾತರಿಯನ್ನು ಅದೊಂದೇ ಕೊಡಲಾರದು.

ಜಾರ್ಜಿಯಾ ಸ್ಟೇಟ್ 2020ರಲ್ಲಿ ತನ್ನ ಅನುಭವವನ್ನು ಇತರ ಕಾಲೇಜುಗಳಿಗೆ ಹಂಚಲು ವಿದ್ಯಾರ್ಥಿ ಯಶಸ್ಸಿನ ರಾಷ್ಟ್ರೀಯ ಸಂಸ್ಥೆಯನ್ನು ತೆರೆಯಿತು. ನೆರವು ಕೋರಿ ಬಂದ ಕಾಲೇಜಿನಲ್ಲಿ ಈ ಸಂಸ್ಥೆ ಮೊದಲು ಮಾಡುವ ಕೆಲಸ ಆ ಕಾಲೇಜಿನ ಪ್ರವೇಶ, ಶುಲ್ಕ, ಸಲಹೆ ಮತ್ತು ಬೋಧನೆಯ ಕ್ರಮಗಳ ತಪಾಸಣೆ.